ಇಬ್ಬರಿಗೆ ಸಾಕಾಗುವ, ಗಟ್ಟಿಮುಟ್ಟಾದ ಟ್ರಾವೆಲ್ ಟ್ರೇಲರ್: ಮಲೆನಾಡಿನ ದಾರಿಗೆ ಆರಿಸುವ ಬಗೆ

ಹಾಸನ, ಚಿಕ್ಕಮಗಳೂರು ಕಡೆ ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ದು ಒಳಗೇ ಮಲಗುವ ಪುಟ್ಟ ಗಾಡಿ, ಕೊಳ್ಳಲು ಹೊರಟವರ ಕಣ್ಣು ಮೊದಲು ಹೋಗುವುದು ಒಳಗಿನ ಹಾಸಿಗೆ, ಒಲೆ, ಬಣ್ಣದ ದೀಪಗಳ ಮೇಲೆ. ಆದರೆ ಇಲ್ಲಿ ಟ್ರೇಲರ್‌ನ ಆಯಸ್ಸು ತೀರ್ಮಾನವಾಗುವುದು ಅಲ್ಲಲ್ಲ. ಘಾಟಿಯಲ್ಲಿ ಅದು ಹೊತ್ತಿರುವ ತೂಕ ಎಷ್ಟು, ಮಳೆಗಾಲದಲ್ಲಿ ಜಾಯಿಂಟುಗಳೊಳಗೆ ನೀರು ಇಳಿಯುತ್ತದೋ ಇಲ್ಲವೋ, ಈ ಎರಡರ ಮೇಲೆಯೇ ಬಹುತೇಕ ಎಲ್ಲವೂ ನಿಂತಿದೆ. ಹಾಗಾಗಿ ನೋಡುವ ಕ್ರಮ ಕಾರಿನಿಂದ ಶುರುವಾಗಿ ಕೊಂಡಿ, ಬ್ರೇಕ್, ಚಾಸಿ, ಹೊರಮೈಗಳನ್ನು ದಾಟಿ ಕೊನೆಗೆ ಒಳಾಂಗಣಕ್ಕೆ ಬರಬೇಕು.

ಮೊದಲು ಕಾರು

ಟ್ರೇಲರ್ ನೋಡಲು ಹೋಗುವ ಮುಂಚೆ ಕಾರಿನ ಕೈಪಿಡಿ ತೆಗೆದು ಮೂರು ಅಂಕಿ ಬರೆದುಕೊಳ್ಳಿ: ಖಾಲಿ ಕಾರಿನ ತೂಕ, ಟ್ರೇಲರ್ ಎಳೆಯುವ ಮಿತಿ (ಬ್ರೇಕ್ ಇರುವ ಟ್ರೇಲರ್‌ಗೆ ಒಂದು, ಇಲ್ಲದ್ದಕ್ಕೆ ಇನ್ನೊಂದು), ಕೊಂಡಿಯ ಮೇಲೆ ಬೀಳಬಹುದಾದ ಗರಿಷ್ಠ ಭಾರ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಕಾರುಗಳ ಕೈಪಿಡಿಯಲ್ಲಿ ಎಳೆಯುವ ಮಿತಿಯನ್ನೇ ಕೊಟ್ಟಿರುವುದಿಲ್ಲ. ಹಾಗಿದ್ದರೆ ತಯಾರಕರಿಂದ ಲಿಖಿತ ಉತ್ತರ ತರಿಸಿಕೊಳ್ಳಿ. ಅವರು ಬೇಡವೆಂದರೆ ಆ ಕಾರಿಗೆ ಟ್ರೇಲರ್ ಬೇಡ. ಬಂಪರ್ ಹಿಂದಿರುವ ಕೊಕ್ಕೆ ಕೆಸರಲ್ಲಿ ಹೂತ ಕಾರನ್ನು ಹೊರಗೆಳೆಯಲು ಇರುವಂಥದ್ದು. ಅದಕ್ಕೆ ಟ್ರೇಲರ್ ಕಟ್ಟುವಂತಿಲ್ಲ.

ಸಮತಟ್ಟಾದ ಊರುಗಳಲ್ಲಿ ತುಂಬಿದ ಟ್ರೇಲರ್ ಖಾಲಿ ಕಾರಿನ ತೂಕದ ಶೇ. 85ರ ಒಳಗಿರಲಿ ಎನ್ನುವುದು ಯುರೋಪಿನಲ್ಲಿ ಬಳಕೆಯಲ್ಲಿರುವ ಲೆಕ್ಕ. ಶಿರಾಡಿ, ಚಾರ್ಮಾಡಿ ಹತ್ತಿ ಇಳಿಯುವವರು ಅಷ್ಟು ದೂರ ಹೋಗಬಾರದು. ಶೇ. 50ರಿಂದ 60ರೊಳಗೆ ನಿಲ್ಲಿಸಿ ಎಂಬುದು ನಮ್ಮ ಸಲಹೆ. ಕಾರು 1,700 ಕೆ.ಜಿ. ಇದ್ದರೆ ತುಂಬಿದ ಟ್ರೇಲರ್ 850ರಿಂದ 1,000 ಕೆ.ಜಿ. ಮೀರದಿರಲಿ. ಇಬ್ಬರಿಗೆ 750 ಕೆ.ಜಿ.ಯಲ್ಲೇ ಚೆನ್ನಾಗಿ ಸಾಗುತ್ತದೆ.

ತೂಕದ ಲೆಕ್ಕವನ್ನು ನೀವೇ ಮಾಡಿ

ಮಾರುವವರು ಹೇಳುವುದು ಖಾಲಿ ತೂಕ. ನಿಮಗೆ ಬೇಕಾದ್ದು ಒಟ್ಟು ತೂಕದ ಮಿತಿ, ಮತ್ತು ಎರಡರ ನಡುವೆ ಉಳಿಯುವ ಜಾಗ. ಆ ಜಾಗ ಹೇಗೆ ತುಂಬುತ್ತದೆ ನೋಡಿ. ನೀರು 50 ಲೀಟರ್ ಅಂದರೆ 50 ಕೆ.ಜಿ. ಸ್ಟೆಪ್ನಿ, ಜಾಕ್, ಸ್ಪ್ಯಾನರ್ ಸೇರಿ 30. ಸಣ್ಣ ಗ್ಯಾಸ್ ಸಿಲಿಂಡರ್, ಒಲೆ, ಪಾತ್ರೆ 30. ದಿನಸಿ 25. ಬಟ್ಟೆ, ಹೊದಿಕೆ 35. ಹೊರಗೆ ಹಾಕುವ ಮೇಲ್ಚಾವಣಿ, ಕುರ್ಚಿ, ಮೇಜು 30. ಬ್ಯಾಟರಿ, ಫ್ರಿಜ್ ಮೊದಲೇ ಅಳವಡಿಸಿರದಿದ್ದರೆ ಇನ್ನೊಂದು 30. ಒಟ್ಟು 230 ಕೆ.ಜಿ. ಹಾಗಾಗಿ 750 ಕೆ.ಜಿ. ಮಿತಿಯ ಟ್ರೇಲರ್ ಖಾಲಿ ಇದ್ದಾಗ 520ಕ್ಕಿಂತ ಹೆಚ್ಚು ತೂಗಬಾರದು. 650 ಕೆ.ಜಿ. ಖಾಲಿ ತೂಕ, 750 ಮಿತಿ ಎಂದು ಬರೆದ ಟ್ರೇಲರ್ ನೋಡಲು ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ. ನೀರು ತುಂಬಿ ಸ್ಟೆಪ್ನಿ, ದಿನಸಿ ಇಡುವಷ್ಟರಲ್ಲೇ ಅದರ ಮಿತಿ ಮುಗಿದಿರುತ್ತದೆ.

ಹೇಳಿದ ಅಂಕಿಯನ್ನು ನಂಬಬೇಡಿ, ತೂಗಿಸಿ. ಕಾಫಿ, ಮೆಣಸು, ಆಲೂಗಡ್ಡೆ ಲಾರಿಗಳು ನಿಲ್ಲುವ ವೇಬ್ರಿಡ್ಜ್ ಎರಡೂ ಜಿಲ್ಲೆಗಳಲ್ಲಿವೆ. ಟ್ರೇಲರ್ ಒಂದನ್ನೇ ಬಿಚ್ಚಿ ನಿಲ್ಲಿಸಿ ಚೀಟಿ ತೆಗೆದುಕೊಳ್ಳಿ. ದೊಡ್ಡ ವೇಬ್ರಿಡ್ಜ್ ಹತ್ತಿಪ್ಪತ್ತು ಕೆ.ಜಿ. ಆಚೀಚೆ ತೋರಿಸಬಹುದು. ನಮ್ಮ ಲೆಕ್ಕಕ್ಕೆ ಅಷ್ಟು ಸಾಕು.

ಮುಂಭಾರ ಅಂದರೆ ಕೊಂಡಿಯ ಮೇಲೆ ಕೂರುವ ತೂಕ. ಇದು ತುಂಬಿದ ತೂಕದ ಶೇ. 8ರಿಂದ 10ರಷ್ಟು, ಅಂದರೆ 750 ಕೆ.ಜಿ.ಗೆ 60ರಿಂದ 75 ಕೆ.ಜಿ. ಇರಲಿ, ಕಾರಿನ ಕೊಂಡಿಯ ಮಿತಿಯೊಳಗೂ ಇರಲಿ. ಅಳೆಯಲು ಮನೆಯಲ್ಲಿ ನಾವು ತೂಕ ನೋಡಿಕೊಳ್ಳುವ ಯಂತ್ರವೇ ಸಾಕು. ಟ್ರೇಲರನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಡಿ. ಯಂತ್ರದ ಮೇಲೆ ಗಟ್ಟಿ ಮರದ ತುಂಡನ್ನು ನೆಟ್ಟಗೆ ನಿಲ್ಲಿಸಿ, ಟ್ರೇಲರ್‌ನ ಮೂತಿಯನ್ನು ಅದರ ಮೇಲೆ ಇಳಿಸಿ. ಕಾರಿಗೆ ಕಟ್ಟಿದಾಗ ಮೂತಿ ಇರುವ ಎತ್ತರವೇ ಇಲ್ಲೂ ಬರುವಂತೆ ಮರದ ತುಂಡನ್ನು ಕತ್ತರಿಸಿಕೊಂಡಿರಬೇಕು. ಮುಂಭಾರ ಕಡಿಮೆಯಾದರೆ ಟ್ರೇಲರ್ ಬಾಲ ಬೀಸುತ್ತದೆ, ಅಂದರೆ ಓಡುವಾಗ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ಹೆಚ್ಚಾದರೆ ಕಾರಿನ ಮುಂದಿನ ಚಕ್ರಗಳು ಹಗುರವಾಗಿ, ಒದ್ದೆ ರಸ್ತೆಯ ತಿರುವಿನಲ್ಲಿ ಸ್ಟೇರಿಂಗ್ ಹಿಡಿತ ಸಡಿಲುತ್ತದೆ. ನೀರಿನ ಟ್ಯಾಂಕ್ ಆಕ್ಸಲ್ ಮೇಲೆ ಅಥವಾ ತುಸು ಮುಂದೆ ಇರುವ ವಿನ್ಯಾಸವನ್ನೇ ಆರಿಸಿ. ಹಿಂತುದಿಯಲ್ಲಿ ಟ್ಯಾಂಕ್ ಇದ್ದರೆ ಅದು ತುಂಬಿದಾಗ ಒಂದು ಸಮತೋಲ, ಖಾಲಿಯಾದಾಗ ಇನ್ನೊಂದು.

ಕೊಂಡಿ

ಕೊಂಡಿಯಲ್ಲಿ ಎರಡು ಭಾಗ: ಕಾರಿನ ಹಿಂದೆ ಕೂರಿಸುವ ಉಕ್ಕಿನ ಗುಂಡು, ಅಂದರೆ ಬಾಲ್, ಮತ್ತು ಅದನ್ನು ಕಚ್ಚಿ ಹಿಡಿಯುವ ಟ್ರೇಲರ್ ಮೂತಿಯ ಕಪ್ಲರ್. ಇಲ್ಲಿ ಸದ್ದಿಲ್ಲದೆ ನಡೆಯುವ ತಪ್ಪು ಒಂದಿದೆ. ಯುರೋಪಿನ ಬಾಲ್ 50 ಮಿ.ಮೀ., ಅಮೆರಿಕದ ಎರಡು ಇಂಚಿನ ಬಾಲ್ 50.8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. 50ರ ಕಪ್ಲರ್ 50.8ರ ಬಾಲ್ ಮೇಲೆ ಪೂರ್ತಿ ಕೂರದೆ, ಲಾಕ್ ಆದಂತೆ ಕಂಡು ಗುಂಡಿಯಲ್ಲಿ ಎಗರಬಹುದು. ಎರಡಿಂಚಿನ ಕಪ್ಲರ್ 50ರ ಬಾಲ್ ಮೇಲೆ ಸಡಿಲವಾಗಿ ಕುಣಿದು ಬಾಲನ್ನು ಸವೆಸುತ್ತದೆ. ಎರಡರ ಮೇಲೂ ಕೊರೆದಿರುವ ಅಳತೆ ಓದಿ, ಬಾಲನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಕಟ್ಟಿದ ಮೇಲೆ ಟ್ರೇಲರ್‌ನ ಮುಂದಿನ ಪುಟ್ಟ ಚಕ್ರವನ್ನು ಕೆಳಕ್ಕೆ ತಿರುಗಿಸಿ ಮೂತಿಯನ್ನು ಮೇಲಕ್ಕೆತ್ತಿ ನೋಡಿ. ಕಾರಿನ ಹಿಂಬದಿಯೂ ಜೊತೆಗೆ ಮೇಲೇಳಬೇಕು. ಎದ್ದರೆ ಕೊಂಡಿ ಕೂತಿದೆ.

ಸುರಕ್ಷಾ ಸರಪಳಿ ಎರಡಿರಲಿ, ಮೂತಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಕಟ್ಟಿ. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಕುಟ್ಟದೆ ಸರಪಳಿಯ ಮೇಲೆ ಕೂರುತ್ತದೆ.

ಲೈಟಿನ ಸಾಕೆಟ್ ಏಳು ಪಿನ್ನಿನದಾದರೆ ಸಾಮಾನ್ಯ ಕ್ರಮ ಹೀಗೆ: 1 ಎಡ ಇಂಡಿಕೇಟರ್, 2 ಫಾಗ್, 3 ಅರ್ತ್, 4 ಬಲ ಇಂಡಿಕೇಟರ್, 5 ಬಲ ಹಿಂದೀಪ, 6 ಬ್ರೇಕ್ ದೀಪ, 7 ಎಡ ಹಿಂದೀಪ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಮಿನುಗುತ್ತಿದ್ದರೆ ನೂರಕ್ಕೆ ತೊಂಬತ್ತು ಸಲ ತೊಂದರೆ ಮೂರನೇ ಪಿನ್ನಿನಲ್ಲಿ, ಅಂದರೆ ಅರ್ತ್‌ನಲ್ಲಿ. ಮಳೆಗಾಲದಲ್ಲಿ ಆ ಪಿನ್ ಹಸಿರುಗಟ್ಟುತ್ತದೆ. ಸಾಕೆಟ್‌ಗೆ ಮುಚ್ಚಳ ಇರುವಂತೆ ನೋಡಿಕೊಳ್ಳಿ.

ಬ್ರೇಕ್: ಘಾಟಿಯ ಜನ ಹೆಚ್ಚು ಯೋಚಿಸಬೇಕಾದ ಭಾಗ

ನೂರು ಮೀಟರ್‌ಗೆ ಎಂಟು ಮೀಟರ್ ಇಳಿಯುವ ರಸ್ತೆಯಲ್ಲಿ 750 ಕೆ.ಜಿ. ಟ್ರೇಲರ್ ಕಾರನ್ನು ಸುಮಾರು 60 ಕೆ.ಜಿ. ಬಲದಿಂದ ಎಡೆಬಿಡದೆ ತಳ್ಳುತ್ತದೆ. ಬ್ರೇಕ್ ಇಲ್ಲದ ಟ್ರೇಲರ್ ಆದರೆ ಅಷ್ಟನ್ನೂ ಕಾರಿನ ಬ್ರೇಕೇ ತಡೆಯಬೇಕು. 750 ಕೆ.ಜಿ.ವರೆಗೆ ಬ್ರೇಕ್ ಇಲ್ಲದೆಯೂ ನಡೆಯುತ್ತದೆ ಎನ್ನುವುದು ಯುರೋಪಿನ ನಿಯಮ. ನಮ್ಮ ಘಾಟಿಗೆ ಬ್ರೇಕ್ ಇಲ್ಲದ ಟ್ರೇಲರ್ ಬೇಡವೇ ಬೇಡ.

ಬ್ರೇಕಿನಲ್ಲಿ ಎರಡು ಬಗೆ. ಓವರ್‌ರನ್ ಬ್ರೇಕ್‌ಗೆ ವಿದ್ಯುತ್ ಬೇಡ. ಟ್ರೇಲರ್ ಮುಂದಕ್ಕೆ ತಳ್ಳಿದಾಗ ಕೊಂಡಿಯ ದಂಡ ಹಿಂದೆ ಸರಿದು, ತಂತಿ ಎಳೆದು, ಚಕ್ರದ ಡ್ರಮ್ಮಿನೊಳಗಿನ ಬ್ರೇಕ್ ಶೂ ಕಚ್ಚುತ್ತದೆ. ಸರಳ, ಗಟ್ಟಿ, ಯಾವ ಗ್ಯಾರೇಜಿನಲ್ಲೂ ರಿಪೇರಿಯಾಗುತ್ತದೆ. ಆದರೆ ಇಳಿಜಾರಿನಲ್ಲಿ ನೀವು ಎರಡನೇ ಗೇರಿಗೆ ಬಂದು ಎಂಜಿನ್ನಿನಿಂದ ಕಾರನ್ನು ಹಿಡಿದರೂ ಟ್ರೇಲರ್ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಇಳಿಯುವ ಉದ್ದಕ್ಕೂ ಅದರ ಬ್ರೇಕ್ ಕಚ್ಚಿಕೊಂಡೇ ಇರುತ್ತದೆ, ಡ್ರಮ್ ಕಾಯುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ನಡುವೆ ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿ ಡ್ರಮ್ ತಣಿಯಲು ಬಿಡಬೇಕು. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಕಾದ ಸ್ಥಿತಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದೂ ಬೇಡ, ಚಕ್ರಕ್ಕೆ ಅಡೆ ಕೊಟ್ಟು ನಿಲ್ಲಿಸಿ.

ಎಲೆಕ್ಟ್ರಿಕ್ ಬ್ರೇಕ್ ಹಿಡಿಯುವುದು ಕಾರಿನ ಪೆಡಲ್ ಒತ್ತಿದಾಗ, ಇಲ್ಲವೇ ಡ್ಯಾಶ್‌ಬೋರ್ಡಿನ ಕಂಟ್ರೋಲರ್‌ನ ಸನ್ನೆ (ಲಿವರ್) ಒತ್ತಿದಾಗ ಮಾತ್ರ. ತಗ್ಗು ಗೇರಿನಲ್ಲಿ ಇಳಿಯುವಾಗ ಅದಕ್ಕೆ ವಿಶ್ರಾಂತಿ ಸಿಗುತ್ತದೆ. ಟ್ರೇಲರ್ ಬಾಲ ಬೀಸಿದರೆ ಟ್ರೇಲರ್‌ನ ಬ್ರೇಕ್ ಒಂದನ್ನೇ ಮೆಲ್ಲಗೆ ಹಿಡಿದು ನೇರ ಮಾಡಬಹುದು. ವಾರ ವಾರ ಘಾಟಿ ದಾಟುವವರಿಗೆ ಇದೇ ಮೇಲು. ಒಂದು ವೈರ್ ಕಡಿದರೆ ಬ್ರೇಕೇ ಇರುವುದಿಲ್ಲ ಎಂಬುದು ಇದರ ದುರ್ಬಲ ಅಂಶ. ಪ್ರತಿ ಸಲ ಹೊರಡುವ ಮುಂಚೆ ಹತ್ತು ಹದಿನೈದು ಕಿ.ಮೀ. ವೇಗದಲ್ಲಿ ಸನ್ನೆ ಒತ್ತಿ ಟ್ರೇಲರ್ ಹಿಂದಕ್ಕೆ ಜಗ್ಗುವುದನ್ನು ಖಚಿತ ಮಾಡಿಕೊಳ್ಳಿ.

ಓವರ್‌ರನ್ ಬ್ರೇಕ್ ಕೊಳ್ಳುವವರು ಅದು ಆಟೊ-ರಿವರ್ಸ್ ಬಗೆಯದೇ ಎಂದು ಕೇಳಲೇಬೇಕು. ಹಳೆಯ ಬಗೆಯಲ್ಲಿ ರಿವರ್ಸ್ ತೆಗೆದರೂ ಟ್ರೇಲರ್‌ಗೆ ಅದು ಬ್ರೇಕ್ ಹಿಡಿದಂತೆಯೇ. ತೋಟದ ಏರುದಾರಿಯಲ್ಲಿ ಎದುರಿಗೆ ಜೀಪ್ ಬಂದು ಹಿಂದೆ ಸರಿಯಬೇಕಾದಾಗ ಚಕ್ರ ಬಿಗಿದು ನಿಲ್ಲುತ್ತದೆ. ನವೆಂಬರ್‌ನಿಂದ ಕಾಫಿ ಹಣ್ಣು ಕೊಯ್ಲಿನ ಕಾಲದಲ್ಲಿ ತೋಟದ ರಸ್ತೆಗಳಲ್ಲಿ ಇದು ದಿನನಿತ್ಯದ ಮಾತು. ಯಾವ ಬಗೆಯಾದರೂ ಬ್ರೇಕ್‌ಅವೇ ತಂತಿ ಇರಬೇಕು: ಟ್ರೇಲರ್ ಕಳಚಿಕೊಂಡರೆ ಅದು ತಾನಾಗಿ ಬ್ರೇಕ್ ಎಳೆಯುತ್ತದೆ.

ಚಾಸಿ, ಆಕ್ಸಲ್, ಚಕ್ರ

ಚಾಸಿ ಹಾಟ್-ಡಿಪ್ ಗ್ಯಾಲ್ವನೈಸ್ ಆಗಿರಲಿ. ಅಂದರೆ ಬೆಸುಗೆ ಎಲ್ಲಾ ಮುಗಿದ ಮೇಲೆ ಇಡೀ ಚೌಕಟ್ಟನ್ನು ಕರಗಿದ ಸತುವಿನಲ್ಲಿ ಅದ್ದಿರಬೇಕು. 3ರಿಂದ 6 ಮಿ.ಮೀ. ದಪ್ಪದ ಉಕ್ಕಿಗೆ ಸತುವಿನ ಪದರ ಸರಾಸರಿ 70 ಮೈಕ್ರಾನ್ ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಅದ್ದಿದಾಗ ಚೌಕ ಪೈಪಿನ ಒಳಮೈಗೂ ಸತು ಹತ್ತುತ್ತದೆ. ಬಣ್ಣ ಅಥವಾ ಪೌಡರ್ ಕೋಟಿಂಗ್ ಹೊರಮೈಗೆ ಮಾತ್ರ. ಮಲೆನಾಡಿನ ತೇವ ಪೈಪಿನೊಳಗೆ ಸೇರಿ, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತದೆ. ಪೈಪಿನ ತಳದಲ್ಲಿ ನೀರು ಬಸಿಯಲು 8–10 ಮಿ.ಮೀ. ತೂತುಗಳಿವೆಯೇ ಎಂದು ಬಗ್ಗಿ ನೋಡಿ.

ಮೂತಿಯ ತ್ರಿಕೋನ ಮುಖ್ಯ ಚೌಕಟ್ಟಿಗೆ ಸೇರುವ ಜಾಗವೇ ಎಲ್ಲಕ್ಕಿಂತ ಹೆಚ್ಚು ಒದೆ ತಿನ್ನುವುದು. ಅಲ್ಲಿನ ಬೆಸುಗೆಯನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಟಾರ್ಚ್ ಓರೆ ಹಿಡಿದು ನೋಡಿ. ಕೂದಲೆಳೆಯಂಥ ಗೆರೆ, ಅದರಿಂದ ಇಳಿದ ಕೆಂಪು ತುಕ್ಕಿನ ಕಲೆ ಕಂಡರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಸಸ್ಪೆನ್ಷನ್‌ನಲ್ಲಿ ರಬ್ಬರ್ ಟಾರ್ಷನ್ ಆಕ್ಸಲ್ ಮೆತ್ತಗೆ ಓಡುತ್ತದೆ, ಶಬ್ದವಿಲ್ಲ, ಗ್ರೀಸ್ ಬೇಡ. ಆದರೆ ಒಳಗಿನ ರಬ್ಬರ್ ಸತ್ತರೆ ಇಡೀ ಆಕ್ಸಲನ್ನೇ ಬದಲಿಸಬೇಕು, ಅದು ಇಲ್ಲಿ ಕೂಡಲೇ ಸಿಗುವ ವಸ್ತುವಲ್ಲ. ಲೀಫ್ ಸ್ಪ್ರಿಂಗ್ ತುಸು ಒರಟು. ಆದರೆ ಒಂದು ಪ್ಲೇಟ್ ಮುರಿದರೆ ಹಾಸನದಲ್ಲೋ ಸಕಲೇಶಪುರದಲ್ಲೋ ಲಾರಿ ಕಮಾನು ಕಟ್ಟುವವರು ಅದೇ ದಿನ ಸರಿ ಮಾಡಿಕೊಡುತ್ತಾರೆ. ಎಲ್ಲೇ ನಿಂತರೂ ಹತ್ತಿರದಲ್ಲೇ ರಿಪೇರಿಯಾಗುವ ವಸ್ತುವನ್ನೇ ಬಾಳಿಕೆ ಬರುವ ವಸ್ತು ಎಂದು ನಾವು ಎಣಿಸುತ್ತೇವೆ. ಆದ್ದರಿಂದ ಈ ಭಾಗಕ್ಕೆ ಲೀಫ್ ಸ್ಪ್ರಿಂಗ್, ಜೊತೆಗೆ ಗ್ರೀಸ್ ನಿಪ್ಪಲ್ ಇರುವ ಶ್ಯಾಕಲ್ ಪಿನ್ ಮತ್ತು ಶಾಕ್ ಅಬ್ಸಾರ್ಬರ್.

ಟ್ರೇಲರ್ ಚಕ್ರದ ನಟ್‌ಗಳ ಸಂಖ್ಯೆ, ಅಂತರ, ಟೈರಿನ ಅಳತೆ ಕಾರಿನದ್ದೇ ಆಗಿದ್ದರೆ ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಕೊಡುವ ಹಣಕ್ಕೆ ಇಷ್ಟು ಉಪಯೋಗ ಇನ್ನಾವುದರಿಂದಲೂ ಸಿಗದು. ಟೈರಿನ ಬದಿಯಲ್ಲಿ ಲೋಡ್ ಇಂಡೆಕ್ಸ್ ಓದಿ: 75 ಅಂದರೆ ಒಂದು ಟೈರಿಗೆ 387 ಕೆ.ಜಿ., 82 ಅಂದರೆ 475, 88 ಅಂದರೆ 560. 750 ಕೆ.ಜಿ.ಗೆ ಎರಡು ಟೈರಿನ 75 ಲೆಕ್ಕಕ್ಕೆ ಸಾಕು, ಗುಂಡಿಗೆ ಸಾಲದು. 82ಕ್ಕಿಂತ ಕೆಳಗೆ ಬೇಡ. ತಯಾರಿಕೆಯ ನಾಲ್ಕಂಕಿಯನ್ನೂ ನೋಡಿ: 2324 ಅಂದರೆ 2024ರ 23ನೇ ವಾರ. ಟ್ರೇಲರ್ ಟೈರ್ ಸವೆಯುವುದಕ್ಕಿಂತ ಮೊದಲು ನಿಂತಲ್ಲೇ ಹಳತಾಗುತ್ತದೆ. ಐದಾರು ವರ್ಷ ದಾಟಿದ್ದರೆ ಟೈರಿನ ಗೀರುಗಳು ಇನ್ನೂ ಆಳವಾಗಿದ್ದರೂ ಬದಲಿಸಿ. ಒಳ ಅಂಚು ಮಾತ್ರ ಸವೆದಿದ್ದರೆ ಆಕ್ಸಲ್ ಬಾಗಿರಬಹುದು.

ಬೇರಿಂಗ್ ಪರೀಕ್ಷೆಗೆ ಚಕ್ರ ಎತ್ತಿ, ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿ. ಲೊಡಲೊಡ ಎಂದರೆ ಬಿಗಿ ಮಾಡಬೇಕು. ತಿರುಗಿಸಿದಾಗ ಮರಳು ಅರೆದ ಸದ್ದು ಬಂದರೆ ಬೇರಿಂಗ್ ಬದಲಿಸಬೇಕು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಹೊಸ ಗ್ರೀಸ್ ಮತ್ತು ಹೊಸ ಆಯಿಲ್ ಸೀಲ್. ಚಕ್ರದ ನಡುವಿನ ಹಬ್ ಮುಳುಗುವಷ್ಟು ನೀರು ದಾಟಿದ್ದರೆ ಕಾಯದೆ ಆಗಲೇ ಬಿಚ್ಚಿಸಿ.

ಹೊರಮೈ: ಮಳೆ ಕೇಳುವ ಪ್ರಶ್ನೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೃಂಗೇರಿ, ಕೊಪ್ಪ, ಮೂಡಿಗೆರೆ ಕಡೆ ಹೊರಗೆ ನಿಂತ ಟ್ರೇಲರ್ ಒಣಗುವುದೇ ಇಲ್ಲ. ಇಲ್ಲಿ ಹೊರಮೈಯಲ್ಲಿ ಜಾಯಿಂಟ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಮೇಲರ್ಧ, ಕೆಳಗಿನರ್ಧ ಎಂದು ಎರಡೇ ಅಚ್ಚಿನಲ್ಲಿ ಎರಕ ಹೊಯ್ದು ಸೊಂಟದಲ್ಲಿ ಜೋಡಿಸಿದ ಫೈಬರ್‌ಗ್ಲಾಸ್ ಮೈ ಎಲ್ಲಕ್ಕಿಂತ ಉತ್ತಮ. 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದ ಬೋಲರ್ ಟ್ರೇಲರ್‌ಗಳು ಇದೇ ವಿಧದವು, ಅವುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಚಾವಣಿಯಲ್ಲಿ ಜಾಯಿಂಟ್ ಇಲ್ಲದ್ದೇ ಇದಕ್ಕೆ ದೊಡ್ಡ ಕಾರಣ.

ಎರಡನೆಯ ಆಯ್ಕೆ ಅಲ್ಯುಮಿನಿಯಂ ಅಥವಾ ಫೈಬರ್ ಹಾಳೆಗಳ ನಡುವೆ ಗಟ್ಟಿ ಫೋಮ್ ತುಂಬಿದ ಪ್ಯಾನೆಲ್. ಅದರೊಳಗೆ ಮರದ ರೀಪು ಇರಬಾರದು, ಸ್ಕ್ರೂ ಕೂರುವ ಜಾಗದಲ್ಲೂ ಇರಬಾರದು. ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿದ್ದು ಅಗ್ಗ, ಆದರೆ ಮಲೆನಾಡಿಗೆ ಸಲ್ಲ. ಸ್ಕ್ರೂ ತೂತಿನಲ್ಲಿ ಇಳಿದ ಹನಿ ಒಳಗಿನ ಮರವನ್ನು ಕೊಳೆಸಿದ್ದು ಗೊತ್ತಾಗುವ ಹೊತ್ತಿಗೆ ಗೋಡೆಯೇ ಕೈಗೆ ಬರುತ್ತದೆ. ಒಳಗಿನ ನೆಲಕ್ಕೆ, ಮಂಚಕ್ಕೆ ಪ್ಲೈವುಡ್ ಬೇಕೇ ಬೇಕೆಂದರೆ ಐಎಸ್ 710 ಗುರುತಿನ ಮರೈನ್ ಪ್ಲೈ ಕೇಳಿ. ಕತ್ತರಿಸಿದ ಅಂಚು, ಕೊರೆದ ತೂತುಗಳಿಗೆಲ್ಲ ಎಪಾಕ್ಸಿ ಹಚ್ಚಿರಬೇಕು. ಪ್ಲೈ ನೀರು ಕುಡಿಯುವುದು ಅಂಚಿನಿಂದ.

ಕಿಟಕಿ, ಚಾವಣಿಯ ಫ್ಯಾನ್, ದೀಪ ಕೂರಿಸಿದ ಕಡೆ ಬ್ಯೂಟೈಲ್ ಟೇಪ್ ಹಾಕಿ ಮೇಲೆ ಪಾಲಿಯುರೆಥೇನ್ ಸೀಲೆಂಟ್ ಎಳೆದಿದ್ದರೆ ಕೆಲಸ ತಿಳಿದವರು ಮಾಡಿದ್ದಾರೆ ಎಂದುಕೊಳ್ಳಿ. ಹುಳಿ ವಾಸನೆಯ ಸಾಮಾನ್ಯ ಸಿಲಿಕೋನ್ ಬಳಿದಿದ್ದರೆ ಅದು ಮುಂದೆ ಬಿಟ್ಟಾಗ ಅದರ ಮೇಲೆ ಬೇರೇನೂ ಹಿಡಿಯುವುದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. ಚಾವಣಿ ಮಟ್ಟಸವಾಗಿರದೆ ನೀರು ಜಾರುವಂತಿರಲಿ. ಬಾಗಿಲು ಕಿಟಕಿಗಳ ಮೇಲೆ ನೀರು ತಿರುಗಿಸುವ ಪಟ್ಟಿ ಇರಲಿ.

ನೀರಿನ ಪರೀಕ್ಷೆ ಮಾಡದೆ ಮುಂಗಡ ಕೊಡಬೇಡಿ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ತೋಟದ ಪೈಪ್ ಹಿಡಿದು ಹೊರಗೆ. ಕೆಳಗಿನಿಂದ ಶುರು ಮಾಡಿ: ನೆಲದ ಅಂಚು, ಬಾಗಿಲ ತಳ, ಕಿಟಕಿ, ಆಮೇಲೆ ಚಾವಣಿ. ಒಂದೊಂದು ಕಡೆ ಐದು ನಿಮಿಷ. ಮೊದಲೇ ಚಾವಣಿಗೆ ಬಿಟ್ಟರೆ ನೀರು ಎಲ್ಲೆಡೆ ಹರಿದು, ಸೋರಿದ್ದು ಎಲ್ಲಿಂದ ಎಂದು ತಿಳಿಯುವುದಿಲ್ಲ. ಹಾಸಿಗೆ ತೆಗೆದು, ಕಪಾಟಿನ ಒಳಮೂಲೆಗಳಿಗೆ ಟಿಶ್ಯೂ ಕಾಗದ ಒತ್ತಿ ನೋಡಿ. ಹಳೆಯ ಟ್ರೇಲರ್ ಆದರೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಮೊದ್ದಾದರೆ ಒಳಗೆ ಪದರ ಬಿಟ್ಟಿದೆ. ತೇವ ಅಳೆಯುವ ಮೀಟರ್ ಇದ್ದರೆ ಶೇ. 15ರೊಳಗೆ ನಿಶ್ಚಿಂತೆ, 20 ದಾಟಿದರೆ ಅನುಮಾನ, 30 ದಾಟಿದರೆ ಬೇಡ. ಆಗಸ್ಟ್‌ನಲ್ಲಿ ಗಾಳಿಯ ತೇವಕ್ಕೇ ಅಂಕಿ ತುಸು ಏರುತ್ತದೆ. ಆಗ ಒಂದೇ ಗೋಡೆಯ ಬೇರೆ ಬೇರೆ ಜಾಗಗಳನ್ನು ಹೋಲಿಸಿ ನೋಡಿ.

ಒಳಗೆ

ಮಂಚ 190 ಸೆಂ.ಮೀ. ಉದ್ದ, 137 ಸೆಂ.ಮೀ. ಅಗಲ ಇದ್ದರೆ ಇಬ್ಬರಿಗೆ ಸಾಕು. ಪ್ರತಿ ರಾತ್ರಿ ಮೇಜು ಬಿಚ್ಚಿ ಮಂಚ ಮಾಡುವ ವಿನ್ಯಾಸ ಅಂಗಡಿಯಲ್ಲಿ ಜಾಣತನದಂತೆ ಕಾಣುತ್ತದೆ. ಮಳೆಯಲ್ಲಿ ದಣಿದು ಬಂದ ಮೇಲೆ ಬೇಸರ ತರಿಸುತ್ತದೆ. ಕಾಯಂ ಮಂಚವೇ ಇರಲಿ, ಕೆಳಗೆ ಹಲಗೆಯ ಬದಲು ಸಂದುಬಿಟ್ಟ ಪಟ್ಟಿಗಳಿರಲಿ. ಇಬ್ಬರು ಮಲಗಿದರೆ ಉಸಿರಿನಿಂದಲೇ ರಾತ್ರಿ ಅರ್ಧ ಲೀಟರ್ ಆಸುಪಾಸು ನೀರು ಗಾಳಿಗೆ ಸೇರುತ್ತದೆ. ಅದು ಹಾಸಿಗೆಯ ತಳದಲ್ಲಿ ತಂಗಿದರೆ ಬೂಸ್ಟು. ಆದ್ದರಿಂದ ಕೆಳಗೊಂದು, ಚಾವಣಿಯಲ್ಲೊಂದು ಮುಚ್ಚಲಾಗದ ಗಾಳಿಕಿಂಡಿ ಬೇಕು, ಎರಡಕ್ಕೂ ಸಣ್ಣ ಕಣ್ಣಿನ ಜಾಲರಿ.

ಅಡುಗೆಮನೆ ಹಿಂಬದಿಯ ಬಾಗಿಲೆತ್ತಿ ಹೊರಗೆ ನಿಂತು ಬಳಸುವಂಥದ್ದಾದರೆ ಹಬೆಯೂ ಗ್ಯಾಸೂ ಒಳಗೆ ಬರುವುದಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ತಂಗುತ್ತದೆ. ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ನೇರ ಹೊರಕ್ಕೆ ತೆರೆದ ತೂತು ಇರಲೇಬೇಕು. ಚಳಿಗೆಂದು ಇದ್ದಿಲ ಒಲೆಯನ್ನು ಒಳಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ವಿದ್ಯುತ್ತಿಗೆ 12 ವೋಲ್ಟಿನ 100 ಆಂಪ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸಾಕು. ಅದರಲ್ಲಿ ಸುಮಾರು 1,280 ವ್ಯಾಟ್ ಅವರ್ ಇದೆ, ತೂಕ 12 ಕೆ.ಜಿ. ಸುತ್ತಮುತ್ತ. ಅಷ್ಟೇ ಅಳತೆಯ ಲೆಡ್ ಆಸಿಡ್ ಬ್ಯಾಟರಿ 28–30 ಕೆ.ಜಿ. ತೂಗುತ್ತದೆ, ಅರ್ಧ ಮಾತ್ರ ಬಳಸಬಹುದು. ಸಣ್ಣ ಕಂಪ್ರೆಸರ್ ಫ್ರಿಜ್ ದಿನಕ್ಕೆ 400, ಫ್ಯಾನ್ 160, ದೀಪ ಮತ್ತು ಫೋನ್ 100 ವ್ಯಾಟ್ ಅವರ್ ತಿಂದರೂ ಹೆಚ್ಚುಕಡಿಮೆ ಎರಡು ದಿನ ಬರುತ್ತದೆ. ಮಳೆಗಾಲದಲ್ಲಿ ಮೋಡ, ತೋಟದಲ್ಲಿ ಮರದ ನೆರಳು. ಸೋಲಾರನ್ನೇ ನಂಬಬೇಡಿ. ಕಾರು ಓಡುವಾಗ ತುಂಬುವ 20 ಆಂಪ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ, ಎರಡು ಗಂಟೆ ಓಡಿದರೆ 500 ವ್ಯಾಟ್ ಅವರ್ ಬರುತ್ತದೆ. ಅದಕ್ಕೆ ವೈರ್ 10 ಚದರ ಮಿ.ಮೀ. ಇರಲಿ. ಆರು ಮೀಟರ್ ದೂರಕ್ಕೆ ಹೋಗಿ ಬರುವಷ್ಟರಲ್ಲಿ ಅದರಲ್ಲಿ 0.4 ವೋಲ್ಟ್ ಕಳೆಯುತ್ತದೆ, 2.5 ಚದರ ಮಿ.ಮೀ. ವೈರಿನಲ್ಲಿ 1.7 ವೋಲ್ಟ್. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು.

ಹೊರ ಅಗಲ 1.8ರಿಂದ 2 ಮೀಟರ್, ಎತ್ತರ 2.3 ಮೀಟರ್, ನೆಲದಿಂದ ಅಂತರ 25 ಸೆಂ.ಮೀ. ಇದ್ದರೆ ತೋಟದ ಗೇಟು, ತಗ್ಗು ಕೊಂಬೆ, ರಸ್ತೆ ನಡುವಿನ ದಿಣ್ಣೆ ಎಲ್ಲವನ್ನೂ ದಾಟಬಹುದು.

ಕಾಗದಪತ್ರ, ತಂಗುವ ಜಾಗ

ಟ್ರೇಲರ್‌ಗೆ ಅದರದ್ದೇ ನೋಂದಣಿ ಬೇಕು, ಕಾರಿನ ನಂಬರ್ ಬರೆದರೆ ಆಗದು. 750 ಕೆ.ಜಿ.ವರೆಗಿನದು ಟಿ1 ವರ್ಗ, ಅಲ್ಲಿಂದ 3.5 ಟನ್‌ವರೆಗೆ ಟಿ2. ಮಾರಾಟ ಪತ್ರ ಫಾರ್ಮ್ 21, ರಸ್ತೆಯೋಗ್ಯತೆಯ ಫಾರ್ಮ್ 22 ಕೊಡಲಾಗದ ಫ್ಯಾಬ್ರಿಕೇಟರ್ ಎಷ್ಟೇ ಕಡಿಮೆ ಬೆಲೆ ಹೇಳಿದರೂ ಒಪ್ಪಬೇಡಿ. ಆ ಕಾಗದಗಳ ನಕಲು ಹಿಡಿದು ಚಿಕ್ಕಮಗಳೂರಿನ ಕೆಎ-18 ಆಗಲಿ, ಹಾಸನದ ಕೆಎ-13 ಆಗಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮುಂಗಡ ಕೊಡುವ ಮೊದಲೇ ವಿಚಾರಿಸಿ. ಕಾರಿಗೆ ಕೊಂಡಿ ಹಾಕಿಸುವುದನ್ನೂ ಅಲ್ಲೇ ಕೇಳಿ.

ಭದ್ರಾ ಅಭಯಾರಣ್ಯ, ಕುದುರೆಮುಖ ಉದ್ಯಾನದೊಳಗೆ ಅನುಮತಿ ಇಲ್ಲದೆ ರಾತ್ರಿ ನಿಲ್ಲುವಂತಿಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಆನೆ ಓಡಾಟವಿದೆ. ಮನೆಯಂಗಳದಲ್ಲೇ ನಿಲ್ಲಿಸಿ, ಬಾಳೆಹಣ್ಣು, ಹಲಸು, ಉಪ್ಪು, ಅಕ್ಕಿಯನ್ನು ರಾತ್ರಿ ಟ್ರೇಲರ್‌ನಲ್ಲಿ ಇಡಬೇಡಿ. ತೆಳುಗೋಡೆಯ ಟ್ರೇಲರ್ ಆನೆಯಿಂದ ಕಾಪಾಡುವುದಿಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಟ್ರೇಲರ್ ಕಟ್ಟಿಕೊಂಡು ಹತ್ತಬೇಡಿ. ಕೆಳಗೆ ಬಿಚ್ಚಿಟ್ಟು ಕಾರಿನಲ್ಲಿ ಹೋಗಿ.

ಮೊದಲ ಓಟ

ಎಲ್ಲವನ್ನೂ ತುಂಬಿ, ಮುಂಭಾರ ಅಳೆದು, ಮೊದಲು ಘಾಟಿ ಇಲ್ಲದ ದಾರಿಯಲ್ಲಿ ಓಡಿಸಿ. ಹಾಸನದಿಂದ ಗೊರೂರು, ಚಿಕ್ಕಮಗಳೂರಿನಿಂದ ಬೇಲೂರು ಒಳ್ಳೆಯ ಆರಂಭ. ವೇಗ 60 ಕಿ.ಮೀ. ಒಳಗಿರಲಿ. ಬಾಲ ಬೀಸಿದರೆ ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ, ಕಾರಿನ ಬ್ರೇಕ್ ಗಕ್ಕನೆ ಒತ್ತಬೇಡಿ. ಹತ್ತು ಕಿ.ಮೀ. ಆದ ಮೇಲೆ ನಿಲ್ಲಿಸಿ ಎರಡೂ ಹಬ್ ಹತ್ತಿರ ಹುಷಾರಾಗಿ ಕೈ ಒಯ್ದು ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಸುಡುತ್ತಿದ್ದರೆ ಆ ಕಡೆ ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಅತಿ ಬಿಗಿಯಾಗಿದೆ. ಚಕ್ರದ ನಟ್‌ಗಳನ್ನು 50 ಕಿ.ಮೀ. ಆದಾಗ ಒಮ್ಮೆ, 100 ಕಿ.ಮೀ. ಆದಾಗ ಇನ್ನೊಮ್ಮೆ ಟಾರ್ಕ್ ಸ್ಪ್ಯಾನರ್‌ನಲ್ಲಿ ಮತ್ತೆ ಬಿಗಿ ನೋಡಿ. ಹೊಸ ಚಕ್ರದ ಬಣ್ಣದ ಪದರ ಒತ್ತಿಹೋಗಿ ನಟ್ ಸಡಿಲಾಗುವುದು ಆ ದೂರದೊಳಗೇ.